ರೋಮಿನಲ್ಲಿ ಪುಕ್ಕಟೆ ಸಿಗುವುದೇನು?

ಜರ್ಮನಿಯಲ್ಲಿ ಓದುವ ನಮ್ಮಂಥವರಿಗೆಲ್ಲ ಒಂದು ಸಂಖ್ಯೆ ಬಾಯಿಪಾಠ: 992. ವೀಸಾ ಕೇಳುವ ಮೊದಲೇ ಬ್ಲಾಕ್ಡ್ ಅಕೌಂಟ್ ಅನ್ನುವ ಖಾತೆಗೆ ಒಂದು ವರ್ಷದ ಖರ್ಚು, 11,904 ಯೂರೋ, ತುಂಬಿಡಬೇಕು. ಇಲ್ಲಿಗೆ ಬಂದ ಮೇಲೆ ಅದೇ ದುಡ್ಡನ್ನು ತಿಂಗಳಿಗೆ 992ರಂತೆ ನಮಗೇ ಬಿಡುಗಡೆ ಮಾಡುತ್ತಾರೆ. ನಮ್ಮದೇ ದುಡ್ಡು ಅನ್ನುವುದೂ ಅರ್ಧ ಸುಳ್ಳು. ಅದು ಊರಿನ ಬ್ಯಾಂಕಿನ ಸಾಲ, ಅಪ್ಪನ ಸಹಿ. ಬಾಡಿಗೆ, ಇನ್ಶೂರೆನ್ಸ್, ದಿನಸಿ ಕಳೆದು ಉಳಿಯುವುದರಲ್ಲಿ ರೋಮ್ ನೋಡುವ ಆಸೆ ಸ್ವಲ್ಪ ಅತಿಯೇ. ಆದರೂ ಹೋದೆವು. 2025ರ ಮಾರ್ಚ್ ಶುರುವಿನಲ್ಲಿ, ಪರೀಕ್ಷೆ ಮುಗಿದು ಸೆಮಿಸ್ಟರ್ ರಜೆ ಬಂದಾಗ, ನಾನು ಮತ್ತು ನನ್ನ ರೂಮ್‌ಮೇಟ್.

ಅವಳು ಹುಬ್ಬಳ್ಳಿಯವಳು, ನಾನು ಸಾಗರದವಳು. ದುಡ್ಡಿನ ವಿಷಯದಲ್ಲಿ ನಮ್ಮಿಬ್ಬರ ಸ್ವಭಾವ ಪೂರ್ತಿ ಬೇರೆ. ಅವಳು ಕಂಡದ್ದನ್ನೆಲ್ಲ ತೊಂಬತ್ತರಿಂದ ಗುಣಿಸುತ್ತಾಳೆ. ಆಗ ಒಂದು ಯೂರೋ ಅಂದರೆ ತೊಂಬತ್ತು ರೂಪಾಯಿ, ಮೇಲಿನ ಚಿಲ್ಲರೆ ಬಿಡು ಅನ್ನುವುದು ಅವಳ ಲೆಕ್ಕ. ನಾನು ಗುಣಿಸದೆ ಖರ್ಚು ಮಾಡಿ, ತಿಂಗಳ ಕೊನೆಗೆ ಅವಳ ಹತ್ತಿರವೇ ಕೈಸಾಲ ಕೇಳುವವಳು. ಇಂಥ ಇಬ್ಬರು ಜೊತೆಗೆ ಪ್ರವಾಸ ಹೋದರೆ ಜಗಳ ಗ್ಯಾರಂಟಿ ಅಂತ ಎಲ್ಲರೂ ಹೇಳಿದ್ದರು. ಜಗಳ ಆಯಿತು, ಆದರೆ ಅವರು ಅಂದುಕೊಂಡ ಕಾರಣಕ್ಕಲ್ಲ. ಅದು ಆಮೇಲೆ.

ಜರ್ಮನಿಯ ರೆಸಿಡೆನ್ಸ್ ಕಾರ್ಡ್ ಕೈಯಲ್ಲಿದ್ದರೆ ಷೆಂಗೆನ್ ದೇಶಗಳಿಗೆ ಬೇರೆ ವೀಸಾ ಬೇಡ. 180 ದಿನಗಳಲ್ಲಿ 90 ದಿನದವರೆಗೆ ಸುಮ್ನೆ ಹೋಗಿ ಬರಬಹುದು. ಊರಿಂದ ಬರುವವರು ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ಕ್ಯೂ ನಿಲ್ಲುವುದನ್ನು ನೋಡಿದರೆ ಇದೇ ದೊಡ್ಡ ಭಾಗ್ಯ. ಅಗ್ಗದ ವಿಮಾನ ಸಿಕ್ಕಿತು. ಅಗ್ಗದ ವಿಮಾನ ಅಂದರೆ ಬ್ಯಾಗನ್ನು ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ ತುರುಕಿ ಅಳೆಯುತ್ತಾರೆ ಎಂದರ್ಥ. ಜೊತೆಗೆ ಯುರೋಪಿನ ಪಾಸ್‌ಪೋರ್ಟ್ ಇಲ್ಲದವರು ಆನ್‌ಲೈನ್ ಚೆಕ್‌-ಇನ್ ಮಾಡಿದ್ದರೂ ಕೌಂಟರಿಗೆ ಹೋಗಿ ಕಾಗದಪತ್ರ ತೋರಿಸಿ ಬರಬೇಕು. ಅದನ್ನು ಮರೆತವರನ್ನು ಗೇಟಿನಲ್ಲಿ ವಾಪಸ್ ಕಳಿಸಿದ್ದನ್ನು ಕಣ್ಣಾರೆ ಕಂಡೆವು.

ಬ್ಯಾಗಿನಲ್ಲಿ ಬಟ್ಟೆಗಿಂತ ಜಾಸ್ತಿ ಇದ್ದದ್ದು ಅವಲಕ್ಕಿ ಮತ್ತು ಚಟ್ನಿಪುಡಿ. ಉಪ್ಪಿನಕಾಯಿಗೆ ಎಣ್ಣೆ ಇರುತ್ತೆ, ಸೆಕ್ಯುರಿಟಿಯಲ್ಲಿ ದ್ರವ ಅಂತ ತೆಗೆದು ಬಿಸಾಕುತ್ತಾರೆ. ಪುಡಿಗೆ ಆ ತೊಂದರೆ ಇಲ್ಲ. ಅವಲಕ್ಕಿಗೆ ಒಲೆಯೂ ಬೇಡ, ನೀರು ಸಾಕು.

ನೀರಿನ ವಿಷಯದಲ್ಲಿ ರೋಮ್‌ನಂಥ ಊರನ್ನು ನಾನು ಯುರೋಪಿನಲ್ಲಿ ಬೇರೆ ಕಂಡಿಲ್ಲ. ಬೀದಿಬೀದಿಯಲ್ಲಿ ಸೊಂಟದಿಂದ ಸ್ವಲ್ಪ ಮೇಲೆ ಬರುವ ಎರಕದ ಕಬ್ಬಿಣದ ಕಂಬ, ಅದಕ್ಕೆ ಬಾಗಿದ ಮೂಗಿನಂಥ ನಳಿಕೆ, ಅದರಿಂದ ಹಗಲು ರಾತ್ರಿ ಬೀಳುವ ತಣ್ಣನೆಯ ನೀರು. ನಾಸೋನಿ ಅಂತ ಕರೆಯುತ್ತಾರೆ. 1870ರ ದಶಕದಲ್ಲಿ ಹಾಕಲು ಶುರು ಮಾಡಿದ್ದು, ಈಗ ಊರಿನಲ್ಲಿ ಸುಮಾರು 2,500 ಇವೆಯಂತೆ. ನಳಿಕೆಯ ತುದಿಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ನೀರು ಕಾರಂಜಿಯಂತೆ ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು. ಜರ್ಮನಿಯ ಹೋಟೆಲುಗಳಲ್ಲಿ ನೀರಿಗೂ ಬಿಲ್ ಕಟ್ಟಿ ಕಟ್ಟಿ ಸಾಕಾಗಿದ್ದ ರೂಮ್‌ಮೇಟ್ ಮೊದಲ ನಾಸೋನೆಯ ಎದುರು ನಿಂತು ಬಾಟಲಿ ತುಂಬಿಸಿಕೊಂಡು, "ಈ ಊರು ನನಗ ಸೇರ್ತು" ಅಂದಳು. ಕೊಲೋಸಿಯಮ್ ಇನ್ನೂ ಕಂಡಿರಲಿಲ್ಲ ಅವಳು.

ಟ್ರೆವಿ ಕಾರಂಜಿಗೆ ಬರುವ ನೀರಿನ ಕಥೆಯೂ ಇಂಥದ್ದೇ. ಕ್ರಿಸ್ತಪೂರ್ವ 19ರಲ್ಲಿ ರೋಮಿನ ಸೇನಾಪತಿ ಅಗ್ರಿಪ್ಪ ತರಿಸಿದ ಆಕ್ವಾ ವಿರ್ಗೊ ಕಾಲುವೆಯ ನೀರು, ನಡುವೆ ಕೆಟ್ಟು, ರಿಪೇರಿಯಾಗಿ, ಇವತ್ತಿಗೂ ಬರುತ್ತಿದೆ. ಮೇಲಿನ ಅಬ್ಬರದ ಶಿಲ್ಪವೆಲ್ಲ 1762ರಲ್ಲಿ ಮುಗಿದದ್ದು. ಜನ ನೋಡುವುದು ಶಿಲ್ಪವನ್ನು. ನನಗೆ ಆಶ್ಚರ್ಯವಾದದ್ದು ನೀರೇ. ಎಸೆದ ನಾಣ್ಯಗಳನ್ನು ಗೋರಿ ಬಡವರ ಕೆಲಸಕ್ಕೆ ಕಾರಿತಾಸ್ ಸಂಸ್ಥೆಗೆ ಕೊಡುತ್ತಾರೆ ಅಂತ ಓದಿ, "ಹಂಗಾದ್ರ ನಮಗ ಕೊಡ್ಬೇಕಲ್ಲ" ಅಂದಳು ರೂಮ್‌ಮೇಟ್. ನಾಣ್ಯ ಎಸೆಯಲು ಬಿಡಲಿಲ್ಲ.

ಉಳಿದದ್ದು ಟರ್ಮಿನಿ ರೈಲು ನಿಲ್ದಾಣದ ಹತ್ತಿರದ ಹಾಸ್ಟೆಲಿನಲ್ಲಿ, ಹೆಣ್ಣುಮಕ್ಕಳ ಡಾರ್ಮಿಟರಿ. ಬಾಡಿಗೆಯ ಜೊತೆ ತಲೆಗಿಷ್ಟು ಅಂತ ಊರಿನ ಪ್ರವಾಸಿ ತೆರಿಗೆ ಬೇರೆ. ಆ ಸ್ಟೇಷನ್ನಿನ ತಮಾಷೆ ಅಂದರೆ ನೆಲಮಾಳಿಗೆಯ ಮೆಕ್‌ಡೊನಾಲ್ಡ್ಸ್ ಒಳಗೆ ಎರಡು ಸಾವಿರ ವರ್ಷಕ್ಕಿಂತ ಹಳೆಯ ಕೋಟೆಗೋಡೆಯ ತುಂಡಿದೆ. ಸರ್ವಿಯನ್ ಗೋಡೆ. ಜನ ಅದರ ಪಕ್ಕದಲ್ಲಿ ಕೂತು ಚಿಪ್ಸ್ ತಿನ್ನುತ್ತಾರೆ. ನಾವೂ ಕೂತೆವು, ಏನೂ ಕೊಳ್ಳದೆ.

ಕಾಫಿ ಇನ್ನೊಂದು ಪಾಠ. ರೋಮಿನ ಬಾರುಗಳಲ್ಲಿ (ಅಲ್ಲಿ ಬಾರ್ ಅಂದರೆ ಬೆಳಗಿನ ಕಾಫಿ ಅಂಗಡಿ, ಅಮ್ಮನಿಗೆ ಫೋನಿನಲ್ಲಿ ಇದನ್ನು ವಿವರಿಸಲು ಸುಮಾರು ಹೊತ್ತು ಬೇಕಾಯಿತು) ನಿಂತು ಕುಡಿದರೆ ಒಂದು ರೇಟು, ಕೂತರೆ ಇನ್ನೊಂದು. ನಿಂತವರಿಗೆ ಒಂದೂ ಕಾಲು ಯೂರೋ ಆಸುಪಾಸು, ಕೂತವರಿಗೆ ಅದರ ಎರಡರಷ್ಟು ಮೂರರಷ್ಟು. ಸೂಟು ಹಾಕಿದವರು, ಕಸದ ಗಾಡಿಯವರು, ಪೊಲೀಸರು, ಎಲ್ಲರೂ ಕಟ್ಟೆಗೆ ಮೊಣಕೈ ಊರಿ ಎರಡು ಗುಟುಕಿಗೆ ಮುಗಿಸಿ ಹೊರಡುತ್ತಾರೆ. ಬೆಂಗಳೂರಿನ ದರ್ಶಿನಿಯಂತೆಯೇ, ನಿಲ್ಲುವುದು ಬಡತನದ ಗುರುತಲ್ಲ. ಕೂತಿದ್ದವರೆಲ್ಲ ನಮ್ಮಂಥ ಹೊರಗಿನವರೇ.

ಊಟಕ್ಕೆ ಅವಲಕ್ಕಿ ಬಿಟ್ಟರೆ ತೂಕದ ಲೆಕ್ಕದಲ್ಲಿ ಮಾರುವ ಪಿಜ್ಜಾ. ಉದ್ದನೆಯ ತಟ್ಟೆಯಿಂದ ಕತ್ತರಿಯಲ್ಲಿ ಕತ್ತರಿಸಿ, ತೂಗಿ, ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಸುಪ್ಲಿ ಅನ್ನುವ ಅನ್ನದ ಕರಿದ ಉಂಡೆ ನೋಡಲು ಚೆನ್ನಾಗಿರುತ್ತದೆ, ಆದರೆ ಹಳೇ ರೀತಿಯದರಲ್ಲಿ ಮಾಂಸ ಇರುತ್ತದೆ. ಸಸ್ಯಾಹಾರಿಗಳು ಕೇಳಿಯೇ ತಗೋಬೇಕು. ಆಗ ಕಾರ್ನಿವಾಲ್ ಸಮಯ, ಬೇಕರಿಗಳಲ್ಲೆಲ್ಲ ಫ್ರಾಪ್ಪೆ ಅನ್ನುವ ತೆಳ್ಳನೆಯ ಕರಿದ ಹಾಳೆ, ಮೇಲೆ ಸಕ್ಕರೆ ಪುಡಿ. ಅದನ್ನೂ ತೂಕದಲ್ಲಿ ಮಾರುತ್ತಾರೆ, ಹಗುರ ಇರುವುದರಿಂದ ಜಾಸ್ತಿ ಬರುತ್ತದೆ ಅಂತ ರೂಮ್‌ಮೇಟ್ ಕಂಡುಹಿಡಿದಳು.

ಇನ್ನು ಟಿಕೆಟ್ಟು. ಇಟಲಿಯ ಸರ್ಕಾರಿ ಮ್ಯೂಸಿಯಮ್ಮುಗಳಲ್ಲಿ 18ರಿಂದ 25 ವಯಸ್ಸಿನವರಿಗೆ ಬರೀ 2 ಯೂರೋ. ಆದರೆ ಯುರೋಪಿಯನ್ ಯೂನಿಯನ್ನಿನ ಪ್ರಜೆಗಳಿಗೆ ಮಾತ್ರ. ನಮ್ಮ ಹತ್ತಿರ ಜರ್ಮನ್ ಯೂನಿವರ್ಸಿಟಿಯ ಕಾರ್ಡ್ ಇತ್ತು, ವಯಸ್ಸೂ ಇತ್ತು, ಪಾಸ್‌ಪೋರ್ಟ್ ಮಾತ್ರ ನೀಲಿ. ಕೊಲೋಸಿಯಮ್ ನಮಗೆ 18 ಯೂರೋ. ನಮ್ಮ ತಾಜ್‌ಮಹಲಿನಲ್ಲೂ ಹೊರದೇಶದವರಿಗೆ ಬೇರೆ ರೇಟು ಇದೆಯಲ್ಲ, ಆಗ ಯಾವತ್ತೂ ಇದು ತಪ್ಪು ಅನಿಸಿರಲಿಲ್ಲ. ಹಾಗಾಗಿ ಬಯ್ಯುವ ಹಕ್ಕು ನಮಗೆ ಅಷ್ಟಾಗಿ ಇರಲಿಲ್ಲ. ದಾರಿ ಇದ್ದದ್ದು ಒಂದೇ. ಪ್ರತಿ ತಿಂಗಳ ಮೊದಲ ಭಾನುವಾರ ಎಲ್ಲರಿಗೂ ಪುಕ್ಕಟೆ. ರೂಮ್‌ಮೇಟ್ ಇಡೀ ಪ್ರವಾಸವನ್ನು ಮಾರ್ಚ್ 2ರ ಸುತ್ತ ಕಟ್ಟಿದ್ದಳು.

ಪುಕ್ಕಟೆ ಭಾನುವಾರದ ಟಿಕೆಟನ್ನು ಮೊದಲೇ ಬುಕ್ ಮಾಡಲು ಬರುವುದಿಲ್ಲ, ಅವತ್ತೇ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಸಾಲು ಉದ್ದ. ನಿಂತಿದ್ದಾಗ ಕೊಲೋಸಿಯಮ್ಮಿನ ಕಮಾನುಗಳ ಮೇಲೆ ಕೊರೆದ ರೋಮನ್ ಅಂಕಿಗಳು ಕಂಡವು. ಇಡೀ ಕಟ್ಟಡಕ್ಕೆ 80 ಬಾಗಿಲು, ಅದರಲ್ಲಿ 76ಕ್ಕೆ ನಂಬರ್ ಹಾಕಿದ್ದರು. ಈಗ ಉಳಿದಿರುವುದು 23ರಿಂದ 54ರವರೆಗಿನವು. ಕ್ರಿಸ್ತಶಕ 80ರಲ್ಲಿ ಇದು ಶುರುವಾದಾಗ ಜನ ಕೈಯಲ್ಲಿ ಬಿಲ್ಲೆ ಹಿಡಿದು ತಮ್ಮ ನಂಬರಿನ ಬಾಗಿಲಿಗೆ ಹೋಗುತ್ತಿದ್ದರು. ಆಟ ನೋಡಲು ದುಡ್ಡು ಇರಲಿಲ್ಲ. ಚಕ್ರವರ್ತಿಯ ಖರ್ಚು. ಊರನ್ನು ಖುಷಿಯಾಗಿಟ್ಟು ತಾನು ಗಟ್ಟಿಯಾಗುವ ಉಪಾಯ, ಸರಿ. ಆದರೆ ಪುಕ್ಕಟೆಯವರ ಸಾಲು ಇಲ್ಲಿ ಹೊಸದಲ್ಲ ಅನ್ನುವುದು ತಲೆಯಲ್ಲಿ ಕೂತಿತು.

ಒಳಗೆ ಏನಿದೆ ಅಂತ ಬರೆಯುವುದಿಲ್ಲ. ಫೋಟೋದಲ್ಲಿ ಕಂಡದ್ದೇ ಇದೆ, ಜನ ಜಾಸ್ತಿ. ಅವತ್ತೇ ಮಧ್ಯಾಹ್ನ ಪಾಂಥಿಯನ್ ಅನ್ನುವ ಹಳೇ ರೋಮನ್ ದೇವಾಲಯಕ್ಕೂ ಹೋದೆವು. 2023ರ ಜುಲೈವರೆಗೆ ಅದಕ್ಕೆ ದುಡ್ಡೇ ಇರಲಿಲ್ಲ, ನಾವು ಹೋದಾಗ 5 ಯೂರೋ, ಆ ಭಾನುವಾರ ಅದೂ ಉಳಿಯಿತು. ಗುಮ್ಮಟದ ಅಗಲವೂ ನೆಲದಿಂದ ಎತ್ತರವೂ ಒಂದೇ, ಸುಮಾರು 43 ಮೀಟರ್. ಒಳಗೆ ಕಬ್ಬಿಣದ ಸರಳಿಲ್ಲದ ಕಾಂಕ್ರೀಟು, ಹೆಚ್ಚುಕಮ್ಮಿ 1,900 ವರ್ಷದಿಂದ ನಿಂತಿದೆ. ನೆತ್ತಿಯಲ್ಲಿ ತೆರೆದ ತೂತು. ಮಳೆ ಬಂದರೆ ನೀರು ಒಳಗೇ ಬಿದ್ದು ನೆಲದ ಸಣ್ಣ ರಂಧ್ರಗಳಲ್ಲಿ ಇಳಿದು ಹೋಗುತ್ತದೆ. ಸಿವಿಲ್ ಓದಿದ ರೂಮ್‌ಮೇಟ್ ಅಲ್ಲಿ ಗುಣಿಸುವುದನ್ನು ಮರೆತು ಕತ್ತೆತ್ತಿ ನಿಂತುಬಿಟ್ಟಳು. ಮೇಲೆ ಹೋದಂತೆ ಕಾಂಕ್ರೀಟಿಗೆ ಹಗುರವಾದ ಕಲ್ಲು ಬೆರೆಸಿದ್ದಾರೆ, ತೀರಾ ಮೇಲೆ ಅಗ್ನಿಪರ್ವತದ ಹಗುರ ಕಲ್ಲು, ಗೋಡೆಯೂ ತೆಳ್ಳಗಾಗುತ್ತಾ ಹೋಗುತ್ತದೆ ಅಂತ ನನಗೆ ಪಾಠ ಮಾಡಿದಳು. ಗೈಡ್ ದುಡ್ಡೂ ಉಳಿಯಿತು.

ಈಗ ಜಗಳದ ವಿಷಯ. ಪಾಂಥಿಯನ್ನಿನಿಂದ ಐದು ನಿಮಿಷ ನಡೆದರೆ ಸಾನ್ ಲುಯಿಜಿ ದೇಯಿ ಫ್ರಾಂಚೇಸಿ ಅನ್ನುವ ಚರ್ಚು. ಪ್ರವೇಶ ಪುಕ್ಕಟೆ. ಒಳಗಿನ ಒಂದು ಪುಟ್ಟ ಗೂಡಿನಲ್ಲಿ ನಾನೂರು ವರ್ಷದ ಹಿಂದಿನ ಇಟಲಿಯ ಚಿತ್ರಕಾರ ಕಾರವಾಜ್ಜೊ ಬರೆದ ಮೂರು ದೊಡ್ಡ ಚಿತ್ರಗಳು, ಏಸುವಿನ ಶಿಷ್ಯ ಸಂತ ಮತ್ತಾಯನ ಕಥೆ. ಇವನ್ನು ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದರೆ ಇಪ್ಪತ್ತು ಯೂರೋ ಕಿತ್ತುಕೊಳ್ಳುತ್ತಿದ್ದರು. ಆದರೆ ಗೂಡು ಕತ್ತಲೆ. ಪಕ್ಕದಲ್ಲಿ ಒಂದು ಪೆಟ್ಟಿಗೆ. ನಾಣ್ಯ ಹಾಕಿದರೆ ದೀಪ ಹತ್ತುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಆರುತ್ತದೆ.

ನಾನು ಪರ್ಸಿಗೆ ಕೈ ಹಾಕಿದೆ. ಅವಳು ಕೈ ಹಿಡಿದಳು. "ತಡಿಯಲೇ, ಯಾರರ ಬರ್ತಾರ. ಅವರ ಹಾಕ್ತಾರ."

ನಿಜವೇ. ಒಬ್ಬರು ಹಾಕಿದರೆ ನಿಂತವರೆಲ್ಲ ನೋಡಬಹುದು. ಸುತ್ತ ಹದಿನೈದು ಇಪ್ಪತ್ತು ಜನ ಇದ್ದರು, ಎಲ್ಲರೂ ಸುಮ್ನೆ ಛಾವಣಿ ನೋಡುತ್ತಾ, ಫೋನ್ ನೋಡುತ್ತಾ. ಯಾರೂ ಹಾಕುತ್ತಿಲ್ಲ. ಎಲ್ಲರೂ ಇನ್ನೊಬ್ಬರು ಹಾಕಲಿ ಅಂತ ಕಾಯುವವರೇ. ಒಳ್ಳೊಳ್ಳೆ ಕೋಟು ಹಾಕಿದ ದಂಪತಿ ಕೂಡ. ಕೊನೆಗೆ ವಯಸ್ಸಾದ ಒಬ್ಬ ಅಜ್ಜಿ ಬಂದು, ಯಾರ ಮುಖವನ್ನೂ ನೋಡದೆ, ಟಣ್ ಅಂತ ಹಾಕಿದರು. ದೀಪ ಹತ್ತಿತು. ಎಲ್ಲ ಫೋನುಗಳೂ ಒಟ್ಟಿಗೆ ಮೇಲೆದ್ದವು.

ಎಡಗಡೆಯ ಚಿತ್ರದಲ್ಲಿ ಮತ್ತಾಯ ಇನ್ನೂ ಸಂತನಾಗಿಲ್ಲ, ತೆರಿಗೆ ವಸೂಲಿಯವನು. ಮೇಜಿನ ಸುತ್ತ ಕೂತವರು ನಾಣ್ಯ ಎಣಿಸುತ್ತಿದ್ದಾರೆ. ಬಲಗಡೆಯಿಂದ ಏಸು ಕೈ ಚಾಚಿದ್ದಾನೆ, ಅವನ ತಲೆಯ ಮೇಲಿಂದ ಬೆಳಕು ಗೋಡೆಗೆ ಬಿದ್ದಿದೆ. ತುದಿಯಲ್ಲಿ ಕೂತ ಹುಡುಗ ತಲೆಯನ್ನೇ ಎತ್ತಿಲ್ಲ, ಎಣಿಕೆ ಮುಗಿದಿಲ್ಲ ಅವನಿಗೆ. ನಾನು ಅವನನ್ನು ತೋರಿಸಿ, "ನೋಡು, ನೀನೇ" ಅಂದೆ. ತಮಾಷೆಗೆ ಅಂದದ್ದು. ಅವಳಿಗೆ ನಾಟಿತು.

ಹೊರಗೆ ಬಂದ ಮೇಲೆ ಜಗಳ. ನಾನು ಹೇಳಿದ್ದು: ಎಲ್ಲರೂ ಹೀಗೆ ಕಾದರೆ ದೀಪ ಹತ್ತುವುದೇ ಇಲ್ಲ, ಐವತ್ತು ಸೆಂಟಿಗೆ ಇಷ್ಟು ಸಣ್ಣತನ ಬೇಡ. ಅವಳು ಹೇಳಿದ್ದು: ಐವತ್ತು ಸೆಂಟ್ ನಿನಗ ಸಣ್ಣದು, ಯಾಕಂದ್ರ ತಿಂಗಳ ಕೊನೀಗೆ ನಿನಗ ಕೊಡಾಕ ನಾ ಇದ್ದೀನಿ. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಬಜೆಟ್ ಪ್ರವಾಸದ ಬಗ್ಗೆ ಬರೆಯುವವರು ಹೆಚ್ಚಾಗಿ ಎಷ್ಟು ಉಳಿಯಿತು ಅಂತ ಬರೆಯುತ್ತಾರೆ, ಉಳಿಸುವ ಕಷ್ಟ ಯಾರ ತಲೆ ಮೇಲೆ ಬಿತ್ತು ಅಂತ ಬರೆಯುವುದು ಕಡಿಮೆ. ನಮ್ಮಿಬ್ಬರಲ್ಲಿ ಬಸ್ ಟೈಮ್ ನೋಡಿದ್ದು, ಪುಕ್ಕಟೆ ಭಾನುವಾರ ಹುಡುಕಿದ್ದು, ಅವಲಕ್ಕಿ ತೂಗಿದ್ದು ಎಲ್ಲ ಅವಳೇ. ನಾನು ಚಿತ್ರ ನೋಡಿ ಭಾವುಕಳಾದೆ.

ಮಾತಿಲ್ಲದೆ ಎರಡು ಬೀದಿ ನಡೆದು ಸಾಂತ್ ಅಗೊಸ್ತಿನೊ ಚರ್ಚಿಗೆ ಬಂದೆವು. ಅಲ್ಲೂ ಕಾರವಾಜ್ಜೊ, ಅಲ್ಲೂ ಪೆಟ್ಟಿಗೆ. ಈ ಸಲ ಅವಳೇ ಏನೂ ಅನ್ನದೆ ನಾಣ್ಯ ಹಾಕಿದಳು.

ಚಿತ್ರದಲ್ಲಿ ಮೇರಿ ಮಗುವನ್ನೆತ್ತಿಕೊಂಡು ಹೊಸ್ತಿಲಲ್ಲಿ ನಿಂತಿದ್ದಾಳೆ. ಎದುರು ಇಬ್ಬರು ಮುದಿ ಯಾತ್ರಿಕರು ಮೊಣಕಾಲೂರಿದ್ದಾರೆ. ಗಂಡಸಿನ ಬರಿಗಾಲು ನಮ್ಮ ಕಡೆಗೆ ತಿರುಗಿದೆ, ಅಂಗಾಲಿನ ಕೊಳೆಯೆಲ್ಲ ಕಾಣುತ್ತದೆ. ಸರಿಯಾಗಿ ನಮ್ಮ ಕಣ್ಣಿನ ಹತ್ತಿರ. 1600ರ ದಶಕದ ಮೊದಲ ವರ್ಷಗಳಲ್ಲಿ ಇದನ್ನು ತೂಗುಹಾಕಿದಾಗ ಆ ಕಾಲುಗಳನ್ನು ಕಂಡು ಜನ ದೊಡ್ಡ ಗಲಾಟೆ ಮಾಡಿದರು ಅಂತ ಅದೇ ಕಾಲದ ಇನ್ನೊಬ್ಬ ಚಿತ್ರಕಾರ ಬರೆದಿಟ್ಟಿದ್ದಾನೆ. ರೂಮ್‌ಮೇಟ್ ಬಗ್ಗಿ ನೋಡಿ, "ನಮ್ಮ ಕಾಲು ಇದ್ದಂಗ ಅದಾವಲೇ" ಅಂದಳು. ಬಸ್ಸಿನ ಒಂದೂವರೆ ಯೂರೋ ಉಳಿಸಲು ಬೆಳಗಿನಿಂದ ನಡೆದ ಕಾಲು.

ಅಲ್ಲಿ ನನಗೆ ಒಂದು ವಿಷಯ ಹೊಳೆಯಿತು, ಅದನ್ನು ಹೇಳಲಿಕ್ಕೇ ಇಷ್ಟು ಬರೆದದ್ದು. ದುಡ್ಡಿಲ್ಲದವರು ರೋಮನ್ನು ಅರ್ಧಂಬರ್ಧ ನೋಡುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಆದರೆ ಈ ಊರಿನ ಎಷ್ಟೋ ಭಾಗ ಕಟ್ಟಿದ್ದೇ ನಡೆದು ಬರುವ, ಕಿಸೆ ಖಾಲಿ ಇರುವ ಜನರಿಗಾಗಿ. 1300ರಲ್ಲಿ ಎಂಟನೇ ಬೋನಿಫೇಸ್ ಪೋಪ್ ಮೊದಲ ಜುಬಿಲಿ, ಅಂದರೆ ಕ್ಯಾಥೊಲಿಕರ ಪವಿತ್ರ ವರ್ಷ, ಸಾರಿದಾಗಿನಿಂದ ಯಾತ್ರಿಕರು ಗುಂಪುಗುಂಪಾಗಿ ಬರುತ್ತಲೇ ಇದ್ದಾರೆ. 1550ರ ಜುಬಿಲಿಯಲ್ಲಿ ಬಡ ಯಾತ್ರಿಕರಿಗೆ ಊಟ ವಸತಿ ಕೊಡಲು ಸಂತ ಫಿಲಿಪ್ಪೊ ನೇರಿಯ ಸಂಘವೇ ನಿಂತಿತ್ತು. ಚರ್ಚಿನ ತೆರೆದ ಬಾಗಿಲು, ಬೀದಿಯ ನೀರು, ಚೌಕದ ಮೆಟ್ಟಿಲು ಯಾವುದೂ ನಮ್ಮ ಮೇಲಿನ ಕರುಣೆಯಿಂದ ಬಂದ ರಿಯಾಯಿತಿ ಅಲ್ಲ. ಚಿತ್ರಗಳೂ ಹಾಗೇ, ಓದುಬರಹ ಇಲ್ಲದವರೂ ನೋಡಲಿ ಅಂತ ಅಲ್ಲಿ ಇದ್ದವು. (ಮೆಟ್ಟಿಲಿನ ವಿಷಯದಲ್ಲಿ ಹುಷಾರು. ಸ್ಪ್ಯಾನಿಷ್ ಸ್ಟೆಪ್ಸ್ ಮೇಲೆ ಕೂತರೆ 2019ರಿಂದ ದಂಡ ಹಾಕುತ್ತಾರೆ.)

ನಾವು ಹೋದ ವರ್ಷವೂ ಜುಬಿಲಿಯೇ. ಇಪ್ಪತ್ತೈದು ವರ್ಷಕ್ಕೊಮ್ಮೆ ಬರುವಂಥದ್ದು. ಸೇಂಟ್ ಪೀಟರ್ಸ್ ಕಡೆಗೆ ಹೋಗುವ ಅಗಲವಾದ ರಸ್ತೆಯಲ್ಲಿ ಗುಂಪುಗಳು ಮರದ ಶಿಲುಬೆ ಹಿಡಿದು ಹಾಡುತ್ತಾ ಸಾಗುತ್ತಿದ್ದವು. ಮುಂದಿನವರು ಸುಸ್ತಾದರೆ ಹಿಂದಿನವರು ಶಿಲುಬೆ ತಗೊಳ್ಳುತ್ತಿದ್ದರು. ಆ ವಾರ ಪೋಪ್ ಫ್ರಾನ್ಸಿಸ್ ನ್ಯುಮೋನಿಯಾದಿಂದ ಆಸ್ಪತ್ರೆಯಲ್ಲಿದ್ದರು, ಭಾನುವಾರ ಜನರಿಗೆ ಆಶೀರ್ವಾದ ಮಾಡಲು ಕಿಟಕಿಗೆ ಬರಲಿಲ್ಲ. ರಾತ್ರಿ ಒಂಬತ್ತಕ್ಕೆ ಚೌಕದಲ್ಲಿ ಅವರಿಗಾಗಿ ಜಪಮಾಲೆ ಪ್ರಾರ್ಥನೆ. ನಾವಿಬ್ಬರೂ ಹಿಂದೆ ನಿಂತೆವು. ಚಳಿ ಇತ್ತು. ಪಕ್ಕದ ಹೆಂಗಸೊಬ್ಬರು ನಮ್ಮ ಕೈ ಖಾಲಿ ನೋಡಿ ತಮ್ಮ ಬ್ಯಾಗಿನಿಂದ ಇನ್ನೊಂದು ಜಪಮಾಲೆ ತೆಗೆದುಕೊಟ್ಟರು. ಹಿಡಿದುಕೊಳ್ಳುವುದು ಹೇಗೆ ಅಂತ ಗೊತ್ತಿಲ್ಲದೆ, ಅಜ್ಜಿ ತುಳಸಿಮಾಲೆ ಹಿಡಿಯುತ್ತಿದ್ದ ಹಾಗೆ ಹಿಡಿದುಕೊಂಡೆ.

ಸಿಸ್ಟೀನ್ ಚಾಪೆಲ್ ನೋಡಲಿಲ್ಲ. ಅದಿರುವ ವ್ಯಾಟಿಕನ್ ಮ್ಯೂಸಿಯಮ್ ಪುಕ್ಕಟೆ ಇರುವುದು ತಿಂಗಳ ಕೊನೆಯ ಭಾನುವಾರ, ಕೊಲೋಸಿಯಮ್ ಮೊದಲ ಭಾನುವಾರ. ಎರಡನ್ನೂ ಒಂದೇ ರಜೆಯಲ್ಲಿ ಹೊಂದಿಸಲು ವಾರ ಪೂರ್ತಿ ಬಾಡಿಗೆ ಕಟ್ಟಬೇಕು, ಅದರ ಬದಲು ಟಿಕೆಟ್ಟೇ ಅಗ್ಗ. "ರೋಮಿಗೆ ಹೋಗಿ ಸಿಸ್ಟೀನ್ ನೋಡ್ಲಿಲ್ವಾ?" ಅಂತ ಕೇಳುವವರಿಗೆ ಇದನ್ನು ವಿವರಿಸಿ ಸಾಕಾಗಿದೆ. ಬದಲಿಗೆ ಸೇಂಟ್ ಪೀಟರ್ಸ್ ಗುಮ್ಮಟ ಹತ್ತಿದೆವು, ಲಿಫ್ಟ್ ಇಲ್ಲದೆ, 551 ಮೆಟ್ಟಿಲು. ಮೇಲಿನ ಮೆಟ್ಟಿಲುಗಳಲ್ಲಿ ಗುಮ್ಮಟದ ಜೊತೆ ಗೋಡೆಯೂ ಬಾಗುತ್ತದೆ, ನಾವೂ ಓರೆಯಾಗಿ ನಡೆಯಬೇಕು.

ಕೊನೆಗೆ ನನ್ನದೊಂದು ಹಟ ಇತ್ತು, ಯಾವ ಪಟ್ಟಿಯಲ್ಲೂ ಇಲ್ಲದ್ದು. ಕ್ಯಾಪಿಟೊಲೈನ್ ಗುಡ್ಡದ ಮೇಲಿನ ಆರಾಚೇಲಿ ಚರ್ಚು. ಅಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಅನ್ನುವ ರೋಮಿನ ಒಬ್ಬ ಸಾಹುಕಾರನನ್ನು ಹೂಳಿದ್ದಾರೆ. ಅವನು 1614ರಲ್ಲಿ ಮನೆ ಬಿಟ್ಟು, ತುರ್ಕಿ, ಪರ್ಷಿಯಾ ಸುತ್ತಿ, 1623ರಲ್ಲಿ ನಮ್ಮ ಕಡೆಗೆ ಬಂದ. ಗೋವಾದ ಪೋರ್ಚುಗೀಸರ ರಾಯಭಾರಿಯ ಜೊತೆ ಹೊನ್ನಾವರಕ್ಕೆ ಬಂದು, ಶರಾವತಿಯಲ್ಲಿ ದೋಣಿ ಹಿಡಿದು ಗೇರುಸೊಪ್ಪೆಗೆ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ. ಆಗ ಅಲ್ಲಿ ಕೆಳದಿಯ ವೆಂಕಟಪ್ಪ ನಾಯಕನ ಆಳ್ವಿಕೆ. ಇಕ್ಕೇರಿ ನಮ್ಮ ಸಾಗರದಿಂದ ಆಟೋದಲ್ಲಿ ಹೋಗುವಷ್ಟು ದೂರ. ಆಮೇಲೆ ಅವನು ಮಂಗಳೂರಿನ ಕಡೆ ಹೋಗಿ ಉಳ್ಳಾಲದ ರಾಣಿಯನ್ನೂ ಕಂಡ. ಹೆಂಡತಿ ಮಾನಿ ಪರ್ಷಿಯಾದಲ್ಲೇ ತೀರಿಕೊಂಡಿದ್ದಳು. ಅವಳ ದೇಹವನ್ನು ಪೆಟ್ಟಿಗೆಯಲ್ಲಿಟ್ಟು ವರ್ಷಗಟ್ಟಲೆ ಕಾಪಾಡಿ, ರೋಮಿಗೆ ತಂದು, ಇದೇ ಆರಾಚೇಲಿಯಲ್ಲಿ ಮಣ್ಣು ಮಾಡಿದ. 1652ರಲ್ಲಿ ತಾನೂ ಅಲ್ಲೇ ಸೇರಿದ.

ಆರಾಚೇಲಿಗೆ 124 ಕಡಿದಾದ ಮೆಟ್ಟಿಲು. ಪಕ್ಕದಲ್ಲೇ ಮೈಕೆಲೇಂಜೆಲೊ ವಿನ್ಯಾಸ ಮಾಡಿದ ಸಲೀಸಾದ ಇಳಿಜಾರು ಇದೆ, ಎಲ್ಲರೂ ಅದರಲ್ಲಿ ಹೋಗುತ್ತಾರೆ. "ಸತ್ತು ನಾನೂರು ವರ್ಷ ಆಗಾಕ ಬಂದವನ ಸಲುವಾಗಿ ಇಷ್ಟು ಮೆಟ್ಟಿಲಾ?" ಅಂತ ಬಯ್ಯುತ್ತಲೇ ರೂಮ್‌ಮೇಟ್ ಹತ್ತಿದಳು. ಒಳಗೆ ನೆಲದ ತುಂಬ ಸಮಾಧಿಕಲ್ಲುಗಳು, ಜನ ನಡೆದು ನಡೆದು ಮುಖ ಸವೆದು ಹೋಗಿವೆ. ಅವನ ಕಲ್ಲನ್ನು ನಾವು ಹುಡುಕಿದೆವು, ಸಿಗಲಿಲ್ಲ. ಕೇಳಲು ಇಟಾಲಿಯನ್ ಬರುವುದಿಲ್ಲ.

ಬೆಂಚಿನಲ್ಲಿ ಕೂತು ಅವಳಿಗೆ ಅವನ ಇಕ್ಕೇರಿಯ ಪತ್ರದ ಒಂದು ಭಾಗ ಹೇಳಿದೆ. ದಾರಿಯಲ್ಲಿ ಒಂದು ಕಡೆ ಸಾಮಾನು ಹೊರುವವರು ತಯಾರಾಗುವುದು ತಡವಾಗುತ್ತದೆ. ಇವನು ದೇವಸ್ಥಾನದ ಜಗುಲಿಯಲ್ಲಿ ಕೂರುತ್ತಾನೆ. ಅಲ್ಲಿ ಕೆಲವು ಹುಡುಗರು ನೆಲದ ಮೇಲೆ ಸಣ್ಣ ಮರಳು ಹರಡಿಕೊಂಡು, ಬೆರಳಿನಲ್ಲಿ ಅಂಕಿ ಬರೆಯುತ್ತಾ, ರಾಗವಾಗಿ ಹಾಡುತ್ತಾ ಲೆಕ್ಕ ಕಲಿಯುತ್ತಿದ್ದಾರೆ. ಮೇಷ್ಟರೇ ಇಲ್ಲ, ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದಾರೆ. ಕಾಗದ ಹಾಳಾಗುವುದಿಲ್ಲ, ನೆಲ ತುಂಬಿದರೆ ಒರೆಸಿ ಮತ್ತೆ ಮರಳು ಹಾಕುತ್ತಾರೆ. ಆಳುಕಾಳುಗಳ ಜೊತೆ ಬಂದ ಆ ಸಾಹುಕಾರ ಅರಮನೆಯ ಬಗ್ಗೆಯೂ ಬರೆದಿದ್ದಾನೆ. ಆದರೆ ಇವತ್ತಿಗೂ ಜನ ಅವನ ಪತ್ರದಿಂದ ಎತ್ತಿ ಹೇಳುವುದು ಈ ಜಗುಲಿಯನ್ನೇ.

ರೂಮ್‌ಮೇಟಿಗೆ ಬೇರೆಲ್ಲಕ್ಕಿಂತ ಕಾಗದ ಉಳಿಸುವ ಉಪಾಯ ಹಿಡಿಸಿತು.

ವಾಪಸ್ ಬರುವಾಗ ಚಾಂಪಿನೊ ವಿಮಾನ ನಿಲ್ದಾಣಕ್ಕೆ ನೇರ ಬಸ್ ಬಿಟ್ಟು, ಟರ್ಮಿನಿಯಿಂದ ಲೋಕಲ್ ರೈಲು, ಅಲ್ಲಿಂದ ಊರ ಬಸ್ಸು. ರೈಲಿನಲ್ಲಿ ಅವಳು ಫೋನ್ ತೆಗೆದು ಲೆಕ್ಕ ಹಂಚಿದಳು. ನಾನೇ ಕೊಡಬೇಕಾಗಿತ್ತು, ಯಾವಾಗಲೂ ಹಾಗೇ. ಮುಂದಿನದು ಬುಡಾಪೆಸ್ಟ್, ರಾತ್ರಿ ಬಸ್ಸಿನಲ್ಲಿ. ಎರಡು ಷರತ್ತು ಹಾಕಿದ್ದಾಳೆ. ಹಳೇ ಬಾಕಿ ಮೊದಲು ತೀರಿಸಬೇಕು. ಮತ್ತೆ, ಹಂಗೇರಿಯಿಂದ ಸಾಗರದ ಕಡೆಗೆ ಬಂದು ಸತ್ತವರು ಯಾರಾದರೂ ಇದ್ದಾರಾ ಅಂತ ನಾನು ಹುಡುಕಬಾರದು.